ಖಾಲಿ ಸ್ಲಾಟು

ನಮ್ಮ ಮನೆಯಲ್ಲಿ ಮಿಕ್ಸಿ ಕೆಟ್ಟರೂ, ಪಂಪ್‌ಸೆಟ್ಟಿನ ಸ್ಟಾರ್ಟರ್ ಗೊರ್ರೆಂದರೂ, ಅಮ್ಮನ ಮೊಬೈಲಿನಲ್ಲಿ ಅಕ್ಷರ ಸಣ್ಣದಾದರೂ ಮೊದಲು ಫೋನ್ ಬರುವುದು ನನಗೆ. ನಾನು ಓದುತ್ತಿರುವುದು ಹಳಗನ್ನಡ. ಮೈಸೂರಿನಲ್ಲಿ ಕೂತು ಒಂದು ಕಾವ್ಯದ ಓಲೆಪ್ರತಿಗಳನ್ನು ಹೋಲಿಸುತ್ತಾ, ಯಾವ ಲಿಪಿಕಾರ ಎಲ್ಲಿ ಒಂದು ಅಕ್ಷರ ನುಂಗಿದ್ದಾನೆ ಎಂದು ಹುಡುಕುವುದು ನನ್ನ ಪಿಎಚ್.ಡಿ. ಕೆಲಸ. ಆದರೂ ತಿಪಟೂರಿನ ಪಕ್ಕದ ನಮ್ಮ ಹಳ್ಳಿಯ ಮನೆಯಲ್ಲಿ ನಾನು ಯಂತ್ರಗಳನ್ನು ಬಲ್ಲವಳು. ಈ ಹೆಸರು ನನಗೆ ಬಂದದ್ದು 2022ರ ಮೇ ತಿಂಗಳಲ್ಲಿ, ತಮ್ಮನ ಕಂಪ್ಯೂಟರ್ ಸರಿಮಾಡಿದ ದಿನ. ಅದು ಸುಳ್ಳು ಹೆಸರು. ಅದರ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಗೆ ಹೇಳುವವನ ಹಾಗೆ ಹೇಳಿದ: “ಅಕ್ಕ, ವಿಂಡೋಸ್ 10 ನಿಂತೋಯ್ತು. 11 ನನ್ನ ಕಂಪ್ಯೂಟರ್‌ಗೆ ಬರಲ್ವಂತೆ.”

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿತ್ತು. ಅವನ ಯಂತ್ರದಲ್ಲಿದ್ದ ರೈಜನ್ 3 1200 ಪ್ರೊಸೆಸರ್ 2017ರದ್ದು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಆದರೆ ಅವನ ನಿಜವಾದ ಆಸೆ ಅದಲ್ಲ ಎಂದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, “ಎಲ್ಡನ್ ರಿಂಗ್ ಒಂದ್ಸಲ ಆಡ್ಬೇಕು ಅಂತ” ಎಂದ. ಇಪ್ಪತ್ತೊಂದು ವರ್ಷದ ಹುಡುಗ. ಬಿ.ಕಾಂ. ಮುಗಿಸಿ ಅಪ್ಪನ ಜೊತೆ ತೋಟದ ಕೆಲಸ, ಕೊಬ್ಬರಿ ಸುಲಿಸುವುದು, ಮಂಡಿಗೆ ಸಾಗಿಸುವುದು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಏನನ್ನೂ ಕೇಳುವ ಹುಡುಗನಲ್ಲ. ಹಿಂದಿನ ಮೂರು ವರ್ಷ ಅವನು ಮನೆಯಲ್ಲಿ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ನನಗೆ ಆಗಷ್ಟೇ ತಡವಾಗಿದ್ದ ಕೆಲವು ತಿಂಗಳ ಸಂಶೋಧನಾ ವೇತನ ಒಟ್ಟಿಗೆ ಬಂದಿತ್ತು. “ನಲವತ್ತು ಸಾವಿರದಲ್ಲಿ ಏನಾಗತ್ತೋ ನೋಡೋಣ” ಅಂದೆ. ಅವನು ನಂಬದೆ ನೋಡಿದ. “ನೀನೇ ಆರಿಸು ಅಕ್ಕ, ನಿಂಗೇ ಗೊತ್ತಾಗೋದು” ಅಂದ. ಆ ಮಾತು ನನಗೆ ಚುಚ್ಚಿತು. ಯಾಕೆಂದು ಅವನಿಗೆ ಗೊತ್ತಿರಲಿಲ್ಲ.

*

ಮೈಸೂರಿಗೆ ಬಂದವಳು ಎರಡು ವಾರ ನನ್ನ ಅಧ್ಯಾಯವನ್ನು ಬದಿಗಿಟ್ಟು ಅವನ ಕಂಪ್ಯೂಟರನ್ನು ಓದಿದೆ. ಓದಿದೆ ಅನ್ನುವುದೇ ಸರಿ. ಬಿಡಿಭಾಗ ಕೊಳ್ಳುವವರು ಸಾಮಾನ್ಯವಾಗಿ ಮಾಡುವ ತಪ್ಪನ್ನೇ ನಾನೂ ಮಾಡುವವಳಿದ್ದೆ. ಆಟ ಓಡುತ್ತಿಲ್ಲವೇ, ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದರಾಯಿತು ಎಂದು. ಅವನಲ್ಲಿದ್ದದ್ದು ಜಿಟಿಎಕ್ಸ್ 1050 ಟಿಐ, 4 ಜಿಬಿಯದು. ಹಳೆಯದೇ. ಆದರೆ ಆಟ ಆಡುವಾಗ ಪರದೆಯ ಮೂಲೆಯಲ್ಲಿ ಅಂಕಿಗಳನ್ನು ತೋರಿಸುವ ತಂತ್ರಾಂಶ ಹಾಕಿಸಿ, ಅವನಿಂದ ವಿಡಿಯೋ ತರಿಸಿಕೊಂಡು ನೋಡಿದರೆ, ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು, ಕಾರ್ಡು ಅರವತ್ತರ ಆಸುಪಾಸಿನಲ್ಲಿ ಕಾಯುತ್ತಾ ಕೂತಿತ್ತು. ಹೊಸ ಕಾರ್ಡ್ ಒಂದನ್ನೇ ಹಾಕಿದ್ದರೆ ಅದೂ ಹೀಗೇ ಕಾಯುತ್ತಿತ್ತು.

ಎಲ್ಡನ್ ರಿಂಗ್ ಕನಿಷ್ಠ ಎಂದು ಕೇಳುವುದು 12 ಜಿಬಿ ರ‍್ಯಾಮ್, ರೈಜನ್ 3 3300ಎಕ್ಸ್ ಮಟ್ಟದ ಪ್ರೊಸೆಸರ್, ಜಿಟಿಎಕ್ಸ್ 1060 ಮಟ್ಟದ ಕಾರ್ಡ್, 60 ಜಿಬಿ ಜಾಗ. ತಮ್ಮನ ಯಂತ್ರ ಮೊದಲ ಮೂರರಲ್ಲೂ ಕೆಳಗಿತ್ತು. ಇನ್ನೊಂದು ವಿಷಯವೂ ತಿಳಿಯಿತು. ಈ ಆಟ ಸೆಕೆಂಡಿಗೆ 60 ಚಿತ್ರಗಳ ಮೇಲೆ ಹೋಗುವುದೇ ಇಲ್ಲ, ಮಾಡಿದವರೇ ಅಲ್ಲಿಗೆ ಕಟ್ಟಿಹಾಕಿದ್ದಾರೆ. ಅವನ ಮಾನಿಟರ್ ಕೂಡ 60 ಹರ್ಟ್ಸ್‌ನದು. ಅಂದಮೇಲೆ ಅದಕ್ಕಿಂತ ಮೇಲಿನದಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಸಾಕು ಅನ್ನುವುದು ಎಲ್ಲಿದೆ ಎಂದು ಗೊತ್ತಾದ ಮೇಲೆ ಆಯ್ಕೆ ಅರ್ಧ ಮುಗಿದಂತೆ.

ಉಳಿದರ್ಧವನ್ನು ಹಳೆಯ ಮದರ್‌ಬೋರ್ಡ್ ಮುಗಿಸಿತು. 2018ರಲ್ಲಿ ಅಪ್ಪ ಕೊಬ್ಬರಿ ಹಣದಲ್ಲಿ ಕೊಡಿಸಿದ್ದ ಆ ಬಿ350 ಬೋರ್ಡಿನಲ್ಲಿರುವುದು ಎಎಂ4 ಸಾಕೆಟ್. ಅದೇ ಸಾಕೆಟ್ಟಿಗೆ ಎಎಂಡಿ ವರ್ಷಾನುಗಟ್ಟಲೆ ಪ್ರೊಸೆಸರ್‌ಗಳನ್ನು ಮಾಡಿತು. ಮೊದಲು ಹಳೆಯ ಬೋರ್ಡುಗಳಿಗೆ ಹೊಸ 5000 ಸರಣಿ ಹಾಕಲು ಬಿಡದೆ, 2022ರಲ್ಲಿ ಬಯೋಸ್ ಬದಲಾಯಿಸಿಕೊಂಡರೆ ಆಗುತ್ತದೆ ಎಂದು ದಾರಿ ಬಿಟ್ಟಿತು. ಹಾಗಾಗಿ ನಾಲ್ಕು ಕೋರ್‌ಗಳ 1200ನ್ನು ತೆಗೆದು ಆರು ಕೋರ್, ಹನ್ನೆರಡು ತ್ರೆಡ್‌ಗಳ ರೈಜನ್ 5 5600 ಕೂರಿಸಬಹುದು. ಬೋರ್ಡು ಉಳಿಯಿತು, ಅದರ ಜೊತೆ ಹಳೆಯ ಡಿಡಿಆರ್4 ರ‍್ಯಾಮ್ ಕೂಡ ಉಳಿಯಿತು.

ಕಾರ್ಡಿಗೆ ಆರ್‌ಎಕ್ಸ್ 6600. 2021ರದ್ದು, 8 ಜಿಬಿ. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಎಥೀರಿಯಂನಂಥ ನಾಣ್ಯ ಅಗೆಯುವ ಕಾಲದಲ್ಲಿ ಹಗಲೂ ರಾತ್ರಿ ದುಡಿದ ಕಾರ್ಡ್ ಯಾವುದು, ದುಡಿಯದ್ದು ಯಾವುದು ಎಂದು ಹೊರಗಿನಿಂದ ಹೇಳಲಾಗದು. ಹೊಸದೇ ಇರಲಿ ಅಂದುಕೊಂಡೆ. ಅದು ಎಳೆಯುವುದು 132 ವ್ಯಾಟ್, ಹಳೆಯ ಕಾರ್ಡು 75. ಹಳೆಯ ಎಸ್‌ಎಂಪಿಎಸ್ ಹೆಸರಿಲ್ಲದ ಕಂಪನಿಯದು. ನಮ್ಮೂರಿನಲ್ಲಿ ಕರೆಂಟು ಬರುವ ರೀತಿ ಗೊತ್ತಿರುವುದರಿಂದ ಅದನ್ನು ಬದಲಿಸದೆ ವಿಧಿಯಿರಲಿಲ್ಲ. ತಮ್ಮ ಮಾತ್ರ, “ಎಸ್‌ಎಂಪಿಎಸ್‌ಗೆ ನಾಲ್ಕು ಸಾವಿರಾನಾ? ಅದೇನು ಆಟ ಓಡ್ಸತ್ತಾ?” ಅಂದ. “ಅದು ಕೆಟ್ರೆ ಒಂದೇ ಕೆಡಲ್ಲ ಕಣೋ, ಪಕ್ಕದಲ್ಲಿರೋವನ್ನೂ ಸುಟ್ಟುಹಾಕತ್ತೆ” ಅಂದೆ.

ಚೀಟಿ ಬರೆದೆ. ಪ್ರೊಸೆಸರ್ 9,500. ಕಾರ್ಡ್ 20,500. ಎಸ್‌ಎಂಪಿಎಸ್ 4,200. ಹಳೆಯ ಹಾರ್ಡ್ ಡಿಸ್ಕಿನ ಜೊತೆಗೆ 500 ಜಿಬಿಯ ಎಸ್‌ಎಸ್‌ಡಿ 3,900. ಇನ್ನೊಂದು 8 ಜಿಬಿ ರ‍್ಯಾಮ್, ಕೆಲವು ತಿಂಗಳ ಹಿಂದೆ ನೋಡಿದ್ದ ಬೆಲೆಯಲ್ಲಿ 1,900. ಒಟ್ಟು ಸರಿಯಾಗಿ ನಲವತ್ತು ಸಾವಿರ. ಪ್ರಬಂಧದ ಯಾವ ಅಧ್ಯಾಯವೂ ನನಗೆ ಇಷ್ಟು ಅಚ್ಚುಕಟ್ಟಾಗಿ ಮುಗಿದಿರಲಿಲ್ಲ.

*

ಈಗ ಆ ಸುಳ್ಳು.

2022ರ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ತಮ್ಮ ಎರಡನೇ ಪಿಯುಸಿ, ಸೈನ್ಸು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಅವನ ಕೋಣೆಗೆ ಹೋದ ಕಂಪ್ಯೂಟರ್ ಹೊರಗೆ ಬಂದಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದರೆ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು. ಬೈದೆ, ಅವನು ತಿರುಗಿ ಬೈದ. ಅಮ್ಮ ಅತ್ತಳು. ಅಪ್ಪ, “ಬಿಡವ್ವ, ಅವನೇ ಓದ್ಕತಾನೆ” ಅಂದರು. ನನಗೆ ಆಗಷ್ಟೇ ಪಿಎಚ್.ಡಿ. ಸೀಟು ಸಿಕ್ಕಿತ್ತು. ಮನೆಯಲ್ಲಿ ಓದಿನ ಬಗ್ಗೆ ಮಾತಾಡುವ ಅಧಿಕಾರ ನನಗೊಬ್ಬಳಿಗೇ ಇದೆ ಎಂಬ ಭ್ರಮೆಯೂ ಜೊತೆಗೆ ಸಿಕ್ಕಿತ್ತು.

ಮಾರನೆಯ ದಿನ ಅವನು ಕ್ರಿಕೆಟ್ಟಿಗೆ ಹೋದಾಗ ಮೊಬೈಲಿನಲ್ಲಿ ವಿಡಿಯೋ ನೋಡಿ ಕ್ಯಾಬಿನೆಟ್ ಬಿಚ್ಚಿದೆ. 2018ರಲ್ಲೂ ರ‍್ಯಾಮ್ ದುಬಾರಿಯಾಗಿತ್ತು, ಹಾಗಾಗಿ ಅಪ್ಪ ಕೊಡಿಸಿದ್ದು ಒಂದೇ ತುಂಡು. ಎರಡು ತುದಿಯ ಕ್ಲಿಪ್ ಒತ್ತಿದರೆ ಟಕ್ಕೆಂದು ಬಂತು. ಹಸಿರು ಪಟ್ಟಿ, ಬೆರಳುದ್ದಕ್ಕಿಂತ ಸ್ವಲ್ಪ ಜಾಸ್ತಿ. ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಮೈಸೂರಿನ ಬಸ್ಸು ಹತ್ತಿದೆ. ಸಂಜೆ ಅವನ ಫೋನು: “ಅಕ್ಕ, ಕಂಪ್ಯೂಟರ್ ಆನ್ ಆಗ್ತಿಲ್ಲ.” “ಹೌದಾ? ಪರೀಕ್ಷೆ ಮುಗೀಲಿ, ನೋಡೋಣ ಬಿಡು” ಅಂದೆ.

ನಾಲ್ಕು ತಿಂಗಳು ಅದು ನನ್ನ ಹಾಸ್ಟೆಲಿನ ಟ್ರಂಕಿನಲ್ಲಿತ್ತು. ಏಪ್ರಿಲ್-ಮೇನಲ್ಲಿ ಅವನ ಪರೀಕ್ಷೆಗಳಾದವು. ಆಮೇಲೆ ಊರಿಗೆ ಹೋಗಿ, “ರ‍್ಯಾಮ್ ಸಮಸ್ಯೆ ಇರ್ಬೇಕು, ಮೈಸೂರಿಂದ ಒಂದು ತಂದಿದೀನಿ” ಎಂದು ಅದನ್ನೇ ಕೂರಿಸಿದೆ. ತಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ. ಖಾಲಿ ಸ್ಲಾಟು ಇಬ್ಬರ ಕಣ್ಣೆದುರಿಗೇ ಇತ್ತು. ಹಳೆಯದೆಲ್ಲಿ ಎಂದು ಕೇಳಿಬಿಡುತ್ತಾನೇನೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೇಳಲಿಲ್ಲ. ಅಷ್ಟೆಲ್ಲ ಇವನಿಗೆ ತಿಳಿಯದು ಎಂದುಕೊಂಡೆ. ಕಂಪ್ಯೂಟರ್ ಹತ್ತಿಕೊಂಡಿತು. “ಅಕ್ಕ ಮುಟ್ಟಿದ್ರೆ ಸರಿಹೋಗತ್ತೆ” ಎಂದು ಅಮ್ಮ ಬೀದಿಗೆಲ್ಲ ಹೇಳಿದಳು.

ಅವನಿಗೆ ಬಂದದ್ದು ಸಾಧಾರಣ ಅಂಕ. ಸಿಇಟಿಗೆ ಅರ್ಜಿ ಹಾಕಿದ್ದವನು ಪರೀಕ್ಷೆಗೇ ಹೋಗಲಿಲ್ಲ, ಬಿ.ಕಾಂ. ಸೇರಿದ. ಎಲ್ಡನ್ ರಿಂಗ್ ಬಿಡುಗಡೆಯಾದದ್ದು 2022ರ ಫೆಬ್ರವರಿಯಲ್ಲಿ ಎಂದು ಈ ಸಲ ಓದುವಾಗ ಗೊತ್ತಾಯಿತು. ಆಗ ಅವನ ರ‍್ಯಾಮ್ ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗಿತ್ತು.

*

ನವೆಂಬರಿನ ಒಂದು ಶನಿವಾರ ಬೆಂಗಳೂರಿಗೆ ಹೋಗಿ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. ಕಿರಿದಾದ ರಸ್ತೆ, ತಳ್ಳುಗಾಡಿ, ಕಾಲಿಡಲು ಜಾಗವಿಲ್ಲದಷ್ಟು ರಟ್ಟಿನ ಪೆಟ್ಟಿಗೆ, ಹೆಜ್ಜೆಗೊಬ್ಬರು “ಲ್ಯಾಪ್‌ಟಾಪ್ ಬೇಕಾ ಮೇಡಂ, ಸರ್ವಿಸಾ ಮೇಡಂ” ಎಂದು ಕರೆಯುವವರು. ಮೆಟ್ಟಿಲು ಹತ್ತಿ ಒಂದು ಸಣ್ಣ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಚೀಟಿ ನೋಡಿ, “ಯಾರಿಗೆ ಮೇಡಂ, ಮಗನಿಗಾ?” ಎಂದರು. ನನಗಿನ್ನೂ ಇಪ್ಪತ್ತೆಂಟು. ಸಂಶೋಧನೆ ಮನುಷ್ಯರಿಗೆ ಏನು ಮಾಡುತ್ತದೆ ನೋಡಿ.

ಎಲ್ಲವೂ ಚೀಟಿಯ ಆಸುಪಾಸಿನ ಬೆಲೆಗೇ ಸಿಕ್ಕಿತು, ರ‍್ಯಾಮ್ ಒಂದನ್ನು ಬಿಟ್ಟು. “3,600. ಹೋದ ತಿಂಗಳ ರೇಟು ಮರೆತುಬಿಡಿ. ಮುಂದಿನ ವಾರ ಬಂದ್ರೆ ಇದೂ ಇರಲ್ಲ” ಎಂದರು. ಅವರು ವ್ಯಾಪಾರದ ಮಾತಾಡುತ್ತಿರಲಿಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯ ಕಡೆಗೆ ತಯಾರಕರು ತಿರುಗಿಕೊಂಡಿದ್ದರಿಂದ ಲೋಕದಲ್ಲೆಲ್ಲ ರ‍್ಯಾಮ್ ಬೆಲೆ ಏರುತ್ತಿತ್ತು. ಸದ್ಯಕ್ಕೆ 8 ಜಿಬಿಯಲ್ಲೇ ಓಡಿಸಿದರೆ ಹೇಗೆಂದು ಯೋಚಿಸಿದೆ. ಆಟ ಕೇಳುವುದೇ 12. ಉಳಿದದ್ದೆಲ್ಲ ಕೊಂಡು ಇದೊಂದನ್ನು ಬಿಡುವುದು ಹೋಳಿಗೆ ಮಾಡಿ ಹೂರಣ ಬಿಟ್ಟ ಹಾಗೆ.

“ಹಳೇದರ ಸ್ಪೀಡ್ ಎಷ್ಟು ಮೇಡಂ? ಫೋಟೋ ಇದ್ರೆ ತೋರ್ಸಿ, ಅದಕ್ಕೆ ಹೊಂದೋದು ಕೊಡ್ತೀನಿ.”

ತಮ್ಮನಿಗೆ ಫೋನ್ ಮಾಡಿದೆ. ಹತ್ತು ನಿಮಿಷಕ್ಕೆ ವಾಟ್ಸಾಪಿನಲ್ಲಿ ಚಿತ್ರ ಬಂತು. ಹಸಿರು ಪಟ್ಟಿಯ ಮೇಲೆ ಬಿಳಿಯ ಚೀಟಿ, 8 ಜಿಬಿ, 2400. ಅಂಗಡಿಯವರಿಗೆ ತೋರಿಸಿದೆ. “ಇದು ನಡೆಯತ್ತೆ. ಹೊಸದು 3200, ಆದ್ರೆ ಜೊತೆಗೆ ಹಾಕಿದಾಗ ಎರಡೂ 2400ರಲ್ಲೇ ಓಡ್ತವೆ” ಅಂದರು. ಅಷ್ಟರಲ್ಲಿ ಇನ್ನೊಂದು ಚಿತ್ರ ಬಂತು. ಅದೇ ಚೀಟಿ, ಹತ್ತಿರದಿಂದ ತೆಗೆದದ್ದು. ಮೂಲೆಯ ನಾಲ್ಕು ಅಂಕಿಗಳ ಸುತ್ತ ಕೆಂಪು ವೃತ್ತ: 1749. ಕೆಳಗೆ ತಮ್ಮ ಬರೆದಿದ್ದ: “ಅಕ್ಕ ಇದು 2017ರ 49ನೇ ವಾರದ್ದು. ನೀನು 2022ರಲ್ಲಿ ಹೊಸದು ತಂದಿದ್ದಲ್ವಾ?”

ಹಸ್ತಪ್ರತಿ ಓದುವವರಿಗೆ ಕಾಲ ಕಂಡುಹಿಡಿಯುವುದೇ ದೊಡ್ಡ ಕಷ್ಟ. ಲಿಪಿಕಾರ ಕೊನೆಯ ಗರಿಯಲ್ಲಿ ಸಂವತ್ಸರದ ಹೆಸರು ಬರೆದು ಶಕವರ್ಷ ಬರೆಯದೆ ಬಿಟ್ಟಿದ್ದರೆ, ಅರವತ್ತು ವರ್ಷಕ್ಕೊಮ್ಮೆ ಮರಳುವ ಆ ಹೆಸರು ಯಾವ ಸುತ್ತಿನದು ಎಂದು ತಿಂಗಳುಗಟ್ಟಲೆ ಒದ್ದಾಡುತ್ತೇವೆ. ನಾಲ್ಕೇ ಅಂಕಿ ಇಷ್ಟು ನಿಖರವಾಗಿ ಸಾಕ್ಷಿ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹಳೆಯ ಸ್ಟಾಕ್ ಇರಬೇಕು ಎಂದು ಬರೆಯಬಹುದಿತ್ತು. ಅರ್ಧ ಬರೆದೂ ಇದ್ದೆ. ಅಂಗಡಿಯವರು ಬಿಲ್ ಹಾಕಲೇ ಎಂಬಂತೆ ನೋಡುತ್ತಿದ್ದರು. ಬರೆದದ್ದನ್ನು ಅಳಿಸಿ, “ಊರಿಗೆ ಬಂದು ಹೇಳ್ತೀನಿ” ಎಂದು ಕಳಿಸಿದೆ. 41,700 ಕೊಟ್ಟು ಮೆಜೆಸ್ಟಿಕ್ಕಿನಲ್ಲಿ ರೈಲು ಹತ್ತಿದೆ.

*

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಯಂತ್ರವನ್ನು ಬಿಚ್ಚಿದೆವು. ಫ್ಯಾನಿನ ರೆಕ್ಕೆಗಳಲ್ಲೆಲ್ಲ ತೆಂಗಿನ ನಾರಿನ ಪುಡಿ. ಬಣ್ಣ ಬಳಿಯುವ ಬ್ರಶ್ಶಿನಿಂದ ಗುಡಿಸಿದೆವು. ಮೊದಲ ಕೆಲಸ ಬಯೋಸ್ ಬದಲಿಸುವುದು. ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಮಾಡಬೇಕು, ಇಲ್ಲವಾದರೆ ಬೋರ್ಡಿಗೆ ಹೊಸದು ಯಾವುದೆಂದೇ ತಿಳಿಯುವುದಿಲ್ಲ. ನಡುವೆ ಕರೆಂಟು ಹೋದರೆ ಬೋರ್ಡು ಹೆಣ. ಮನೆಯ ಯುಪಿಎಸ್‌ಗೆ ತಂತಿ ಎಳೆದು, ಅಮ್ಮನಿಗೆ ಮಿಕ್ಸಿ ಹಾಕಬೇಡ ಎಂದು ಹೇಳಿ, ಪೆನ್‌ಡ್ರೈವ್ ಚುಚ್ಚಿ ಶುರುಮಾಡಿದೆವು. ಪರದೆಯ ಮೇಲೆ ಪಟ್ಟಿ ನಿಧಾನವಾಗಿ ತುಂಬತೊಡಗಿತು. ಆ ಹೊತ್ತಿನಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ. ಕಾಯಬೇಕು ಅಷ್ಟೇ.

“ಆ ರ‍್ಯಾಮ್ ನಾನು ಕೊಂಡು ತಂದಿದ್ದಲ್ಲ” ಅಂದೆ. “ನಿನ್ನ ಕಂಪ್ಯೂಟರಿಂದ ನಾನೇ ತೆಗೆದಿದ್ದೆ. ಸಂಕ್ರಾಂತೀಲಿ. ನೀನು ಓದಲಿ ಅಂತ.”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ, “ಸ್ಲಾಟು ಖಾಲಿ ಇರೋದು ನಾನು ಅವತ್ತೇ ನೋಡಿದ್ದೆ” ಅಂದ.

“ಮತ್ತೆ ಯಾಕೆ ಕೇಳ್ಲಿಲ್ಲ?”

“ಅಪ್ಪ ಮಾರಿರ್ಬೇಕು ಅಂದ್ಕೊಂಡೆ.”

ಆ ವರ್ಷ ತೋಟದಲ್ಲಿ ಎರಡು ಬೋರ್ ಕೊರೆಸಿ, ಎರಡರಲ್ಲೂ ನೀರು ಬಂದಿರಲಿಲ್ಲ. ಸಾಲವಾಗಿತ್ತು. ಮನೆಯಲ್ಲಿ ರಾತ್ರಿ ಪಿಸುಮಾತಿನ ಲೆಕ್ಕ ನಡೆಯುತ್ತಿತ್ತು. ಹದಿನೇಳು ವರ್ಷದ ಹುಡುಗ ಕ್ಯಾಬಿನೆಟ್ ಬಿಚ್ಚಿ ನೋಡಿ, ಅಪ್ಪ ದುಡ್ಡಿಗೆ ದಿಕ್ಕು ಕಾಣದೆ ಇದನ್ನು ತೆಗೆದು ಮಾರಿದ್ದಾರೆ, ಹೇಳಲು ನಾಚಿಕೆ ಪಡುತ್ತಿದ್ದಾರೆ ಎಂದುಕೊಂಡಿದ್ದ. ಕೇಳಿದರೆ ಅಪ್ಪನ ಮುಖ ಏನಾದೀತು ಎಂದು ಮುಚ್ಚಿಟ್ಟಿದ್ದ. ಮೇನಲ್ಲಿ ನಾನು “ಹೊಸದು” ತಂದಾಗ, ಅಕ್ಕನಿಗೂ ವಿಷಯ ಗೊತ್ತು, ಅಪ್ಪನ ಮಾನ ಉಳಿಸಲು ತನ್ನ ದುಡ್ಡಿನಲ್ಲಿ ತಂದಿದ್ದಾಳೆ ಎಂದು ತಿಳಿದಿದ್ದ. ಮರುವರ್ಷ, 2023ರಲ್ಲಿ, ಉಂಡೆ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿದಾಗ ಅವನ ಲೆಕ್ಕ ಇನ್ನಷ್ಟು ಗಟ್ಟಿಯಾಗಿತ್ತು. ಕಳೆದ ವರ್ಷ ಬೆಲೆ 20,000 ದಾಟಿದ ಮೇಲೆಯೇ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿಬಿಟ್ಟದ್ದು.

“ಸಿಇಟಿ ಬರೀದಿದ್ದದ್ದೂ ಅದಕ್ಕೇನಾ?” ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಅದೊಂದೇ ಅಲ್ಲ. ಮ್ಯಾತ್ಸೂ ಬರ್ತಿರ್ಲಿಲ್ಲ” ಅಂದ. ಆಮೇಲೆ, “ಅದೂ ಇತ್ತು” ಅಂದ.

ಪಟ್ಟಿ ತುಂಬಿ, ಯಂತ್ರ ತಾನೇ ಆರಿ ಹತ್ತಿಕೊಂಡಿತು. ಮುಂದಿನ ಒಂದು ಗಂಟೆ ನಾವು ಮಾತಾಡಲಿಲ್ಲ. ಹಳೆಯ ಪೇಸ್ಟ್ ಒಣಗಿ ಕೂಲರಿಗೆ ಪ್ರೊಸೆಸರ್ ಅಂಟಿಕೊಂಡಿರುತ್ತದೆ, ಹಾಗೇ ಎಳೆದರೆ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನು ಬಾಗುತ್ತವೆ. ಯಂತ್ರ ಬಿಸಿಯಿರುವಾಗಲೇ ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಬೇಕು ಎಂದು ಓದಿದ್ದೆ. ನನ್ನ ಕೈ ನಡುಗುತ್ತಿತ್ತು. ಅವನೇ ತೆಗೆದ. ಹೊಸದನ್ನು ಅವನೇ ಕೂರಿಸಿದ, ಬಟಾಣಿಯಷ್ಟು ಪೇಸ್ಟ್ ಹಾಕಿದ, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕಾರ್ಡು, ಒಂದೊಂದಾಗಿ. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಕೊನೆಗೆ ಹಳೆಯ ರ‍್ಯಾಮನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿ ಅದರ ಜಾಗಕ್ಕೆ ಒತ್ತಿದ. ಹೊಸದನ್ನು ಇನ್ನೊಂದು ಸ್ಲಾಟಿಗೆ ಹಾಕಿದ.

ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪು. ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಬೋರ್ಡು ಅದನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಗೊತ್ತಿದ್ದರೂ ಆ ಅರ್ಧ ನಿಮಿಷ ಉಸಿರು ನಿಂತಿತ್ತು. ಆಮೇಲೆ ಬೆಳಕು ಬಂತು. 16 ಜಿಬಿ, 2400.

“ಅಪ್ಪಂಗೆ ಹೇಳ್ಬೇಡ” ಎಂದ. “ನಾನು ಹಾಗಂದ್ಕೊಂಡಿದ್ದೆ ಅಂತ ಗೊತ್ತಾಗೋದು ಬೇಡ.”

ಆಟ ಇಳಿಯಲು ಇಡೀ ರಾತ್ರಿ ಬೇಕಾಯಿತು. ಬೆಳಗ್ಗೆ ನಾನು ಮೈಸೂರಿಗೆ ಹೊರಡುವ ಹೊತ್ತಿಗೆ ಅವನು ಶುರುವಿನಲ್ಲೇ ಎದುರಾಗುವ ಚಿನ್ನದ ಕವಚದ ಕುದುರೆ ಸವಾರನ ಕೈಲಿ ಏಳನೇ ಸಲ ಸಾಯುತ್ತಿದ್ದ. ಬರ್ತೀನಿ ಅಂದೆ. “ಹ್ಞೂಂ” ಅಂದ, ತಿರುಗಲಿಲ್ಲ. ಸಿಟ್ಟಿಗೋ, ಆಟದ ಮಗ್ನತೆಗೋ ತಿಳಿಯಲಿಲ್ಲ. ಎರಡು ವಾರ ಅವನಿಂದ ಫೋನು ಬರಲಿಲ್ಲ. ಆಮೇಲೆ ಒಂದು ದಿನ, ಏನೂ ಬರೆಯದೆ, ಆ ಸವಾರ ನೆಲಕ್ಕೆ ಬಿದ್ದ ಚಿತ್ರ ಕಳಿಸಿದ.

ಇದನ್ನು ಬರೆದ ಮೇಲೆ, ಪ್ರಕಟಿಸಲೋ ಬೇಡವೋ ಎಂದು ಕೇಳಿ ಅವನಿಗೇ ಕಳಿಸಿದೆ. ಸಂಜೆ ಫೋನು ಬಂತು. “ಕಾರ್ಡ್ ವ್ಯಾಟೇಜ್ ಸರಿ ಬರ್ದಿದೀಯ. ಆದ್ರೆ ಏಳನೇ ಸಲ ಅಲ್ಲ, ಹನ್ನೊಂದು” ಅಂದ.

“ಅಪ್ಪನ ವಿಷಯ?”

“ಹೋದ ವಾರ ನಾನೇ ಹೇಳ್ದೆ. ಮಂಡಿಯಿಂದ ಬರ್ತಾ, ಗಾಡೀಲಿ.”

“ಏನಂದ್ರು?”

“ಏನೂ ಅನ್ಲಿಲ್ಲ. ಮನೆಗೆ ಬಂದ್ಮೇಲೆ, ಅದು ಯಾವುದು ತೋರ್ಸು ಅಂದ್ರು. ಬಿಚ್ಚಿ ತೋರ್ಸಿದೆ. ಅಂಗೈ ಮೇಲಿಟ್ಕೊಂಡು ನೋಡಿ, ಇಷ್ಟು ಸಣ್ಣದಾ, ಅಂದ್ರು.”